ಕೊನೆಗೂ ಉತ್ತರ ಕೊಡದ ಸಿನಿಮಾಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಪರದೆ ಕಪ್ಪಾಗುತ್ತದೆ, ಹೆಸರುಗಳು ಓಡತೊಡಗುತ್ತವೆ, ಪಕ್ಕದಲ್ಲಿ ಕೂತವರು "ಈಗ ಏನಾಯ್ತು?" ಅಂತ ಕೇಳುತ್ತಾರೆ. ಅಂಥ ಸಿನಿಮಾಗಳ ಬಗ್ಗೆ ಜನ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ. ಉದಾಹರಣೆ ಕೊಡುವಾಗ ಕೆಲವು ಸಿನಿಮಾಗಳ ಕೊನೆಯನ್ನೂ ಹೇಳಬೇಕಾಗಿ ಬಂದಿದೆ. ನೀವು ನೋಡಬೇಕೆಂದುಕೊಂಡ ಹೆಸರು ಕಂಡರೆ ಆ ಪ್ಯಾರಾ ಬಿಟ್ಟು ಮುಂದೆ ಹೋಗಿ.

ಸಿನಿಮಾ ಪೂರ್ತಿ ನೋಡಿದೆ, ಒಂಚೂರೂ ಅರ್ಥ ಆಗಲಿಲ್ಲ. ತಪ್ಪು ನನ್ನದಾ?

ಅಲ್ಲ. ಇಂಥ ಸಿನಿಮಾ ಮಾಡಿದವರ ಜೊತೆ ಕೆಲಸ ಮಾಡಿದವರಿಗೇ ಹೀಗಾಗಿದೆ. 1950ರ 'ರಾಶೋಮಾನ್' ಚಿತ್ರೀಕರಣ ಶುರುವಾಗುವ ಮುಂಚೆ ಅಕಿರ ಕುರೊಸಾವ ಅವರ ಮೂವರು ಸಹಾಯಕ ನಿರ್ದೇಶಕರು ಅವರ ಹತ್ತಿರ ಬಂದು, ಈ ಸ್ಕ್ರಿಪ್ಟ್ ನಮಗೆ ಅರ್ಥವಾಗುತ್ತಿಲ್ಲ ಅಂದರು. ಒಂದು ಸಾವು, ಅದರ ಬಗ್ಗೆ ನಾಲ್ಕು ಹೇಳಿಕೆ, ಯಾವುದೂ ಇನ್ನೊಂದಕ್ಕೆ ಹೊಂದುವುದಿಲ್ಲ. ಮನುಷ್ಯ ತನ್ನ ಬಗ್ಗೆ ಮಾತಾಡುವಾಗ ಬಣ್ಣ ಹಚ್ಚದೆ ಇರಲಾರ, ಇದು ಅದರ ಕಥೆ ಅಂತ ಕುರೊಸಾವ ವಿವರಿಸಿದರು. ಇಬ್ಬರು ಒಪ್ಪಿಕೊಂಡು ಹೋದರು. ಮೂರನೆಯವರಿಗೆ ಆಗಲೂ ಸಮಾಧಾನವಾಗಲಿಲ್ಲ. ಇದನ್ನು ಕುರೊಸಾವ ತಮ್ಮ ಆತ್ಮಕಥೆಯಲ್ಲೇ ಬರೆದಿದ್ದಾರೆ. ಮರುವರ್ಷ ಆ ಸಿನಿಮಾಗೆ ವೆನಿಸ್ ಚಿತ್ರೋತ್ಸವದ ದೊಡ್ಡ ಪ್ರಶಸ್ತಿ ಗೋಲ್ಡನ್ ಲಯನ್ ಬಂತು.

"ಅರ್ಥ ಆಗಲಿಲ್ಲ" ಅಂದಾಗ ಎಷ್ಟೋ ಸಲ ಆಗಿರುವುದು ಇಷ್ಟೇ: ನಾವು ಕೇಳಿದ ಪ್ರಶ್ನೆಗೆ ಸಿನಿಮಾ ಉತ್ತರ ಕೊಟ್ಟಿರುವುದಿಲ್ಲ. ಮಿಕೆಲಾಂಜೆಲೊ ಆಂಟೋನಿಯೋನಿ ಅವರ 'ಲಾವೆಂಚುರಾ'ದಲ್ಲಿ ಅನ್ನಾ ಎಂಬ ಯುವತಿ ಒಂದು ದ್ವೀಪದಲ್ಲಿ ಕಾಣೆಯಾಗುತ್ತಾಳೆ. ಎಲ್ಲರೂ ಹುಡುಕುತ್ತಾರೆ. ಸಿಗುವುದಿಲ್ಲ. ಬರಬರುತ್ತಾ ಅವಳ ಪ್ರಿಯಕರನೂ ಗೆಳತಿಯೂ ಹತ್ತಿರವಾಗುತ್ತಾರೆ, ಸಿನಿಮಾನೇ ಅನ್ನಾಳನ್ನು ಮರೆತುಬಿಡುತ್ತದೆ. 1960ರಲ್ಲಿ ಕಾನ್ ಚಿತ್ರೋತ್ಸವದಲ್ಲಿ ಇದನ್ನು ತೋರಿಸಿದಾಗ ಪ್ರೇಕ್ಷಕರು ಕೂಗಿ ಗೇಲಿ ಮಾಡಿದರು. ಅದೇ ಉತ್ಸವ ಕೊನೆಗೆ ಜ್ಯೂರಿ ಪ್ರಶಸ್ತಿಯನ್ನೂ ಕೊಟ್ಟಿತು. "ಅನ್ನಾಗೆ ಏನಾಯ್ತು?" ಅಂತ ಕಾಯುತ್ತಾ ಕೂತರೆ ಆ ಸಿನಿಮಾ ಕೈಗೆ ಸಿಗುವುದಿಲ್ಲ. "ಇಷ್ಟು ಬೇಗ ಹೇಗೆ ಮರೆತರು ಇವರು?" ಅಂತ ಒಮ್ಮೆ ಕೇಳಿ ನೋಡಿ. ಪ್ರತಿ ದೃಶ್ಯವೂ ಚುಚ್ಚತೊಡಗುತ್ತದೆ. ಯಾಕೆಂದರೆ ಅಷ್ಟು ಹೊತ್ತಿಗೆ ನಾವೂ ಅವಳನ್ನು ಮರೆತಿರುತ್ತೇವೆ.

ಬೇಕಂತಲೇ ಬಿಟ್ಟಿದ್ದಾರೋ, ಮಾಡೋಕೆ ಬಾರದೆ ಬಿಟ್ಟಿದ್ದಾರೋ ಅಂತ ಹೇಗೆ ಗೊತ್ತಾಗುತ್ತೆ?

ಒಳ್ಳೆಯ ಪ್ರಶ್ನೆ. ನಾನು ನೋಡುವುದು ಒಂದನ್ನೇ: ಬಿಟ್ಟ ಜಾಗದ ಸುತ್ತಮುತ್ತ ಇರುವುದನ್ನು ಎಷ್ಟು ಖಚಿತವಾಗಿ ಕಟ್ಟಿದ್ದಾರೆ?

ಅಲೆನ್ ರೆನೆ ನಿರ್ದೇಶಿಸಿದ 'ಲಾಸ್ಟ್ ಇಯರ್ ಅಟ್ ಮರಿಯೆನ್‌ಬಾಡ್' (1961) ತೆಗೆದುಕೊಳ್ಳಿ. ಒಬ್ಬ ಗಂಡಸು ಒಬ್ಬ ಹೆಂಗಸಿಗೆ, ಹೋದ ವರ್ಷ ನಾವು ಭೇಟಿಯಾಗಿದ್ದೆವು ಅನ್ನುತ್ತಾನೆ. ಅವಳು ಇಲ್ಲ ಅನ್ನುತ್ತಾಳೆ. ಯಾರು ಹೇಳುವುದು ನಿಜವೋ ಕೊನೆಯವರೆಗೂ ಗೊತ್ತಾಗುವುದಿಲ್ಲ. ಆದರೆ ಅದರಲ್ಲಿ ಉದ್ಯಾನದ ಒಂದು ಶಾಟ್ ಬರುತ್ತದೆ. ನೇರ ಹಾದಿ, ಎರಡೂ ಕಡೆ ಅಚ್ಚುಕಟ್ಟಾಗಿ ಕತ್ತರಿಸಿದ ಗಿಡಗಳು, ಅಲ್ಲಲ್ಲಿ ಅಲುಗಾಡದೆ ನಿಂತ ಜನ. ಜನರ ನೆರಳು ನೆಲದ ಮೇಲೆ ಉದ್ದಕ್ಕೆ ಬಿದ್ದಿದೆ. ಗಿಡಗಳಿಗೆ ನೆರಳೇ ಇಲ್ಲ. ಇದು ಯಾರೋ ಮರೆತು ಬಿಟ್ಟಿದ್ದಲ್ಲ, ಕೂತು ಲೆಕ್ಕ ಹಾಕಿ ಮಾಡಿದ್ದು. ಅಷ್ಟು ಕಾಳಜಿ ಇರುವ ಕಡೆ, ಖಾಲಿ ಬಿಟ್ಟ ಜಾಗವನ್ನೂ ನಂಬಬಹುದು.

ಪಾತ್ರಕ್ಕೆ ಏನು ಬೇಕು ಅನ್ನುವುದೇ ತೇಲಿಹೋಗಿ, ಪ್ರತಿ ದೃಶ್ಯವೂ ಸುಮ್ನೆ ಗಂಭೀರ ಮುಖ ಹೊತ್ತು ಕೂತಿದ್ದರೆ ನನಗೆ ಅನುಮಾನ ಬರುತ್ತದೆ. ದೊಡ್ಡ ಹೆಸರಿನ ಸಿನಿಮಾದಲ್ಲೂ ಇದು ಇರಬಹುದು. ಆಗ "ಇದರಲ್ಲಿ ಏನೂ ಇಲ್ಲ" ಅನ್ನಲು ಹಿಂಜರಿಯಬೇಡಿ.

ನಿರ್ದೇಶಕರ ಮನಸ್ಸಿನಲ್ಲಿ ಒಂದು ಸರಿಯಾದ ಉತ್ತರ ಇದ್ದೇ ಇರುತ್ತೆ ಅಲ್ವಾ?

ಕೆಲವೊಮ್ಮೆ ಇರುತ್ತದೆ. ಆದರೂ ಅದೇ ಕೊನೆಯ ಮಾತಾಗುವುದಿಲ್ಲ. 'ಬ್ಲೇಡ್ ರನ್ನರ್' (1982) ಸಿನಿಮಾದ ಡೆಕಾರ್ಡ್ ಮನುಷ್ಯನೋ, ಮನುಷ್ಯನಂತೆ ತಯಾರಿಸಿದ ಯಂತ್ರಜೀವಿಯೋ? ನಿರ್ದೇಶಕ ರಿಡ್ಲಿ ಸ್ಕಾಟ್ ಯಂತ್ರಜೀವಿ ಅನ್ನುತ್ತಾರೆ. ಆ ಪಾತ್ರ ಮಾಡಿದ ಹ್ಯಾರಿಸನ್ ಫೋರ್ಡ್ ಮನುಷ್ಯ ಅಂತಲೇ ಬಹಳ ಕಾಲ ವಾದಿಸಿದರು. ಪರದೆಯ ಮೇಲೆ ಕಾಣುವ ಮುಖದಲ್ಲಿ ಇಬ್ಬರ ಉತ್ತರವೂ ಇದೆ. ಒಬ್ಬರದನ್ನು ತೆಗೆದುಹಾಕಲು ಬರುವುದಿಲ್ಲ. 'ಮರಿಯೆನ್‌ಬಾಡ್' ವಿಷಯದಲ್ಲೂ ಅಷ್ಟೇ. ಆ ಇಬ್ಬರು ಹೋದ ವರ್ಷ ಭೇಟಿಯಾಗಿದ್ದರಾ ಅಂತ ಕೇಳಿದರೆ ರೆನೆ ಒಂದು ಹೇಳಿದರು, ಅದನ್ನು ಬರೆದ ಆಲನ್ ರಾಬ್-ಗ್ರಿಯೆ ಇನ್ನೊಂದು ಹೇಳಿದರು.

ಸ್ಟಾನ್ಲಿ ಕ್ಯೂಬ್ರಿಕ್ '2001: ಎ ಸ್ಪೇಸ್ ಒಡಿಸ್ಸಿ' ಬಂದ 1968ರಲ್ಲೇ ಒಂದು ಸಂದರ್ಶನದಲ್ಲಿ, ಇದನ್ನು ಮಾತಿನಲ್ಲಿ ವಿವರಿಸುವುದಿಲ್ಲ ಅಂದುಬಿಟ್ಟರು. ಮೊನಾಲಿಸಾ ಯಾಕೆ ನಗುತ್ತಿದ್ದಾಳೆ ಅಂತ ಲಿಯೊನಾರ್ಡೊ ಚಿತ್ರದ ಕೆಳಗೆ ಬರೆದಿಟ್ಟಿದ್ದರೆ ನಾವು ಅದನ್ನು ಇಷ್ಟು ನೋಡುತ್ತಿದ್ದೆವಾ ಎಂಬುದು ಅವರ ವಾದ.

ಇನ್ನೊಂದು ವಿಷಯ ನೆನಪಿಡಬೇಕು. ಸಿನಿಮಾ ಒಬ್ಬರ ಮನಸ್ಸಿನಿಂದ ಇಳಿದು ಬರುವುದಿಲ್ಲ. ಡೇವಿಡ್ ಲಿಂಚ್ ಅವರ 'ಮಲ್ಹೋಲೆಂಡ್ ಡ್ರೈವ್' ಮೊದಲು ಟಿವಿ ಧಾರಾವಾಹಿಯ ಆರಂಭದ ಕಂತಾಗಿ 1999ರಲ್ಲಿ ತಯಾರಾಯಿತು. ಚಾನೆಲ್ ಬೇಡ ಅಂದಿತು. ಆಮೇಲೆ ಫ್ರಾನ್ಸಿನಿಂದ ಹಣ ಸಿಕ್ಕಿ, ಹೊಸ ದೃಶ್ಯಗಳು ಸೇರಿ 2001ರಲ್ಲಿ ಸಿನಿಮಾ ಆಯಿತು. ಅದರ ಕೊನೆಯ ಭಾಗ ಹಿಂದಿನದನ್ನೆಲ್ಲಾ ತಲೆಕೆಳಗು ಮಾಡುತ್ತದೆ. ಅದು ಹಾಗಾಗಲು ಚಾನೆಲ್‌ನ ನಿರಾಕರಣೆಗೂ ಪಾಲಿದೆ. ಇಲ್ಲಿ 'ಮೊದಲಿಂದಲೂ ಇದ್ದ ಉದ್ದೇಶ' ಯಾವುದು ಅಂತ ಹೇಗೆ ಹೇಳುವುದು?

ಹಾಗಾದರೆ ಯಾರು ಏನು ಬೇಕಾದರೂ ಹೇಳಬಹುದಾ?

ಹೇಳಬಹುದು, ಆದರೆ ಎಲ್ಲವೂ ನಿಲ್ಲುವುದಿಲ್ಲ. ನಿಮ್ಮ ಅರ್ಥ ಸಿನಿಮಾದ ಮುಂದೆ ನಿಂತು ಉತ್ತರ ಕೊಡಬೇಕು.

ನಾನು ಮಾಡುವ ಪರೀಕ್ಷೆ ಇದು: ನನಗೆ ಹೊಳೆದ ಅರ್ಥಕ್ಕೆ ಸರಿಹೊಂದದ ದೃಶ್ಯವನ್ನು ನಾನೇ ಹುಡುಕುತ್ತೇನೆ. ಕ್ರಿಸ್ಟೋಫರ್ ನೋಲನ್ ಅವರ 'ಇನ್ಸೆಪ್ಷನ್' (2010) ಕೊನೆಯಲ್ಲಿ ಬುಗುರಿ ತಿರುಗುತ್ತಿರುತ್ತದೆ. ಅದು ಬಿದ್ದರೆ ನಿಜ, ಬೀಳದಿದ್ದರೆ ಕನಸು. ಸ್ವಲ್ಪ ಓಲಾಡಿದಂತೆ ಕಾಣುತ್ತದೆ, ಅಷ್ಟರಲ್ಲಿ ಪರದೆ ಕಪ್ಪು. "ಸುಖ ಸಿಕ್ಕರೆ ಸಾಕು, ಕನಸಾದರೇನು, ನಿಜವಾದರೇನು ಅಂತ ಸಿನಿಮಾ ಹೇಳುತ್ತಿದೆ" ಅಂತ ಯಾರಾದರೂ ಅಂದರೆ, ಅವರು ಅದಕ್ಕೂ ಮುಂಚಿನ ಒಂದು ದೃಶ್ಯಕ್ಕೆ ಉತ್ತರ ಕೊಡಬೇಕು. ಅಲ್ಲಿ ನಾಯಕ ಕಾಬ್ ಕನಸಿನ ಲೋಕದಲ್ಲಿರುವ ಹೆಂಡತಿಗೆ, ನೀನು ನನ್ನ ನಿಜವಾದ ಹೆಂಡತಿಯ ನೆರಳು ಮಾತ್ರ ಅಂತ ಹೇಳಿ ಅವಳನ್ನು ಬಿಟ್ಟು ಬರುತ್ತಾನೆ. ಅವನಿಗೆ ನಿಜ ಬೇಕಿತ್ತು. ಹಾಗಾದರೆ ಕೊನೆಯಲ್ಲಿ ಬುಗುರಿಯ ಕಡೆ ನೋಡದೆ ಮಕ್ಕಳ ಹತ್ತಿರ ಹೋಗುವುದು ಯಾಕೆ? ಹೀಗೆ ಎರಡು ದೃಶ್ಯಗಳನ್ನು ಎದುರುಬದುರು ಕೂರಿಸಿದಾಗ ಅರ್ಥಕ್ಕೆ ತೂಕ ಬರುತ್ತದೆ. ಅವನು ಬುಗುರಿ ನೋಡುತ್ತಿಲ್ಲ ಅನ್ನುವುದೇ ಮುಖ್ಯ ಅಂತ ನೋಲನ್ ಕೂಡ ಹೇಳಿದ್ದಾರೆ. ಆದರೆ ಅವರು ಹೇಳುವ ಮುಂಚೆಯೂ ಅದು ಪರದೆಯ ಮೇಲೆ ಇತ್ತು.

ನನ್ನದೇ ಅರ್ಥ ಕಂಡುಕೊಳ್ಳೋಕೆ ಎಲ್ಲಿಂದ ಶುರು ಮಾಡಲಿ?

"ಇದರ ಅರ್ಥ ಏನು?" ಎಂಬಲ್ಲಿಂದ ಶುರು ಮಾಡಬೇಡಿ. ಅಷ್ಟು ದೊಡ್ಡ ಪ್ರಶ್ನೆ ಕೇಳಿದರೆ ಯಾರೋ ಹೇಳಿದ ಮಾತುಗಳೇ ಬಾಯಿಗೆ ಬರುತ್ತವೆ. ಬದಲಿಗೆ, ಮನಸ್ಸಿನಲ್ಲಿ ಉಳಿದ ಒಂದು ಚಿಕ್ಕ ವಿವರ ಹಿಡಿಯಿರಿ. ಒಂದು ಮುಖ, ಒಂದು ಸದ್ದು, ಬಾಗಿಲು ಮುಚ್ಚಿದ ರೀತಿ. ಮುಖ್ಯ ಅನ್ನಿಸಬೇಕಿಲ್ಲ. ಉಳಿದಿದ್ದರೆ ಸಾಕು.

ಒಂದು ಶಾಟನ್ನೇ ನಿಧಾನವಾಗಿ ನೋಡೋಣ. ಮಿಶೆಲ್ ಹನೆಕೆ ಅವರ 'ಕಾಶೆ' (2005). ಪ್ಯಾರಿಸ್‌ನ ಒಂದು ಕುಟುಂಬಕ್ಕೆ ಯಾರೋ ವಿಡಿಯೋ ಟೇಪ್ ಕಳಿಸುತ್ತಿದ್ದಾರೆ. ಟೇಪಿನಲ್ಲಿ ಇರುವುದು ಅವರದೇ ಮನೆಯ ಮುಂಭಾಗ. ಮನೆಯ ಯಜಮಾನ ಜಾರ್ಜ್ ಚಿಕ್ಕವನಿದ್ದಾಗ ಹೇಳಿದ ಸುಳ್ಳಿನಿಂದ, ಮಜೀದ್ ಎಂಬ ಅನಾಥ ಹುಡುಗ ಆಶ್ರಯ ಕಳೆದುಕೊಂಡಿದ್ದ. ಆ ಹಳೆಯ ಗಾಯ ಮತ್ತೆ ಬಿಚ್ಚಿಕೊಳ್ಳುತ್ತದೆ. ಟೇಪ್ ಯಾರು ಕಳಿಸಿದರು ಅಂತ ಸಿನಿಮಾ ಹೇಳುವುದೇ ಇಲ್ಲ.

ಕೊನೆಯ ಶಾಟ್ ಒಂದು ಶಾಲೆಯ ಮೆಟ್ಟಿಲು. ಕ್ಯಾಮೆರಾ ದೂರದಲ್ಲಿ ನಿಂತಿದೆ, ಅಲುಗಾಡುವುದಿಲ್ಲ. ಮಕ್ಕಳು ಹೊರಗೆ ಬರುತ್ತಿದ್ದಾರೆ. ಕೆಲವರು ಗುಂಪುಗುಂಪಾಗಿ ಹರಟುತ್ತಿದ್ದಾರೆ, ಕೆಲವರು ಯಾರಿಗೋ ಕಾಯುತ್ತಿದ್ದಾರೆ. ಯಾರ ಮೇಲೂ ಒತ್ತು ಇಲ್ಲ. ಹೆಸರುಗಳು ಪರದೆಯ ಮೇಲೆ ಬರತೊಡಗುತ್ತವೆ, ನೋಡುವವರು ಎದ್ದು ನಿಲ್ಲುತ್ತಾರೆ. ಅದೇ ಶಾಟ್‌ನಲ್ಲಿ ಎಡಗಡೆ, ಆ ಗುಂಪಿನ ನಡುವೆಯೇ, ಜಾರ್ಜ್‌ನ ಮಗ ಮತ್ತು ಮಜೀದ್‌ನ ಮಗ ಭೇಟಿಯಾಗಿ ಮಾತಾಡುತ್ತಾರೆ. ಏನು ಮಾತಾಡಿದರು ಅಂತ ಕೇಳಿಸುವುದಿಲ್ಲ. ಎಷ್ಟೋ ಜನ ಅವರನ್ನು ನೋಡಿಯೇ ಇರುವುದಿಲ್ಲ.

ಈಗ ನಿಮ್ಮನ್ನೇ ಕೇಳಿಕೊಳ್ಳಿ. ನನಗೆ ಅವರು ಕಂಡರಾ? ಕಂಡ ಕೂಡಲೇ ಮನಸ್ಸು ಏನಂದಿತು? ಇಬ್ಬರೂ ಸೇರಿ ಸಂಚು ಮಾಡಿದ್ದಾರೆ ಅಂದಿತಾ? ಅಪ್ಪಂದಿರ ಹಗೆ ಮಕ್ಕಳಲ್ಲಿ ಕರಗುತ್ತಿದೆ ಅಂದಿತಾ? ಒಬ್ಬ ಇನ್ನೊಬ್ಬನನ್ನು ಹೆದರಿಸುತ್ತಿದ್ದಾನೆ ಅಂದಿತಾ? ಪರದೆಯ ಮೇಲೆ ಇರುವುದು ಇಬ್ಬರು ಮಾತಾಡುತ್ತಿರುವುದು ಮಾತ್ರ. ಸಂಚು, ರಾಜಿ, ಬೆದರಿಕೆ ಎಲ್ಲವೂ ನಾವು ತಂದದ್ದು. ಅಲ್ಲಿಂದ ಒಂದು ಹೆಜ್ಜೆ ಮುಂದೆ ಹೋಗಿ: ನಾನು ಯಾಕೆ ಇದನ್ನೇ ತಂದೆ? ಹಿರಿಯರ ತಪ್ಪಿನ ಲೆಕ್ಕ ಮಕ್ಕಳು ತೀರಿಸಬೇಕು ಅಂತ ನಾನು ನಂಬುತ್ತೇನಾ? ಈ ಪ್ರಶ್ನೆಯವರೆಗೆ ಬಂದರೆ ನೀವು ನಿಮ್ಮ ಅರ್ಥದ ಹತ್ತಿರವೇ ಇದ್ದೀರಿ.

ನಾವು ಹೀಗೆ ತುಂಬಿಕೊಳ್ಳುವುದು ಕೊರತೆಯಲ್ಲ, ಸಿನಿಮಾ ಕೆಲಸ ಮಾಡುವುದೇ ಹೀಗೆ. ಸುಮಾರು 1920ರ ಹೊತ್ತಿಗೆ ರಷ್ಯಾದಲ್ಲಿ ಲೆವ್ ಕುಲೆಶೊವ್ ಒಂದು ಪ್ರಯೋಗ ಮಾಡಿದರು. ನಟನೊಬ್ಬನ ಒಂದೇ ಭಾವರಹಿತ ಮುಖವನ್ನು ಒಮ್ಮೆ ಸೂಪಿನ ಬಟ್ಟಲಿನ ಜೊತೆ, ಒಮ್ಮೆ ಶವಪೆಟ್ಟಿಗೆಯ ಜೊತೆ ಜೋಡಿಸಿ ತೋರಿಸಿದರು. ನೋಡಿದವರಿಗೆ ಅದೇ ಮುಖದಲ್ಲಿ ಒಮ್ಮೆ ಹಸಿವು ಕಂಡಿತು, ಒಮ್ಮೆ ದುಃಖ ಕಂಡಿತು.

ಸಾಧ್ಯವಾದರೆ ಇದನ್ನೆಲ್ಲಾ ಬರೆದಿಡಿ, ನಾಲ್ಕೇ ಸಾಲು ಸಾಕು. ಬೇರೆಯವರ ಮಾತು ಕೇಳುವ ಮುಂಚೆ ಬರೆಯಿರಿ.

ನನ್ನ ಜೀವನದ ಕಥೆಯನ್ನು ಸಿನಿಮಾದೊಳಗೆ ಎಳೆದು ತರೋದು ಸರಿನಾ?

ಸರಿ. ಅದನ್ನು ಬೇಡ ಅಂದರೆ ಕೆಲವು ಸಿನಿಮಾಗಳು ಬದುಕುವುದೇ ಇಲ್ಲ.

ಆಂದ್ರೇ ತರ್ಕೋವ್‌ಸ್ಕಿ ಅವರ 'ಮಿರರ್' (1975) ಇದಕ್ಕೆ ದೊಡ್ಡ ಸಾಕ್ಷಿ. ಅದು ಅವರ ಸ್ವಂತ ಬಾಲ್ಯದ ನೆನಪು. ಕಥೆ ಕ್ರಮದಲ್ಲಿ ಸಾಗುವುದಿಲ್ಲ. ತಾಯಿಯ ಪಾತ್ರವನ್ನೂ ಹೆಂಡತಿಯ ಪಾತ್ರವನ್ನೂ ಒಬ್ಬರೇ ನಟಿ ಮಾಡಿದ್ದಾರೆ, ನಡುವೆ ಹಳೆಯ ಸುದ್ದಿಚಿತ್ರಗಳು ಬರುತ್ತವೆ. ಒಂದು ದೃಶ್ಯದಲ್ಲಿ ಮಕ್ಕಳು ಊಟದ ಮೇಜಿನಿಂದ ಎದ್ದು ಓಡುತ್ತಾರೆ. ಖಾಲಿ ಕೋಣೆಯಲ್ಲಿ ಬಾಟಲಿಯೊಂದು ತಾನಾಗಿ ಉರುಳಿ ಕೆಳಗೆ ಬೀಳುತ್ತದೆ. ಹೊರಗೆ ಕೊಟ್ಟಿಗೆ ಹೊತ್ತಿ ಉರಿಯುತ್ತಿದೆ, ಇತ್ತ ಸೂರಿನಿಂದ ಮಳೆಹನಿ ತೊಟ್ಟಿಕ್ಕುತ್ತಿದೆ. ಎಲ್ಲರೂ ಸುಮ್ನೆ ನಿಂತು ನೋಡುತ್ತಿದ್ದಾರೆ.

ಈ ಸಿನಿಮಾ ಬಂದ ಮೇಲೆ ತರ್ಕೋವ್‌ಸ್ಕಿಗೆ ಪತ್ರಗಳು ಬಂದವು. ಏನೂ ಅರ್ಥವಾಗಲಿಲ್ಲ ಅಂತ ಸಿಟ್ಟಿನಿಂದ ಬರೆದವರಿದ್ದರು. ಹಾಗೆಯೇ ಒಬ್ಬ ಮಹಿಳೆ, ನನ್ನ ಬಾಲ್ಯವೂ ಹೀಗೇ ಇತ್ತು, ಇದು ನಿಮಗೆ ಹೇಗೆ ಗೊತ್ತಾಯಿತು ಅಂತ ಕೇಳಿ ಬರೆದರು. ತರ್ಕೋವ್‌ಸ್ಕಿ ತಮ್ಮ ಪುಸ್ತಕದ ಶುರುವಿನಲ್ಲೇ ಈ ಪತ್ರಗಳನ್ನು ಕೊಟ್ಟಿದ್ದಾರೆ. ಆ ಮಹಿಳೆಗೆ ತರ್ಕೋವ್‌ಸ್ಕಿಯ ತಾಯಿ ಯಾರು, ಮನೆ ಎಲ್ಲಿತ್ತು ಏನೂ ಗೊತ್ತಿರಲಿಲ್ಲ. ನಿರ್ದೇಶಕ ತನ್ನದನ್ನು ಅಷ್ಟು ಖಚಿತವಾಗಿ ಹೇಳಿದ್ದರಿಂದಲೇ ಅದು ಇನ್ನೊಬ್ಬರದೂ ಆಯಿತು. ನನಗೆ ಈ ಪತ್ರ ಯಾವ ವಿಮರ್ಶೆಗಿಂತಲೂ ದೊಡ್ಡದು.

ಒಂದು ಜಾಗ್ರತೆ ಬೇಕು. ಸಿನಿಮಾ ನಿಮ್ಮ ನೆನಪನ್ನು ಎಬ್ಬಿಸಿದ ಮೇಲೆ, ಮತ್ತೆ ಸಿನಿಮಾ ಕಡೆಗೆ ತಿರುಗಿ. ನಿಮ್ಮ ಕಥೆಗೂ ಅದರ ಕಥೆಗೂ ಎಲ್ಲಿ ಹೊಂದುವುದಿಲ್ಲ ನೋಡಿ. ನಮಗೆ ಹೊಸದೇನಾದರೂ ಸಿಗುವುದಿದ್ದರೆ ಅಲ್ಲೇ.

ನೀರು, ಕನ್ನಡಿ, ಹಕ್ಕಿ… ಸಂಕೇತಗಳೆಲ್ಲಾ ಗೊತ್ತಿರಬೇಕಾ?

ಬೇಡ. 'ಸ್ಟಾಕರ್' (1979) ಸಿನಿಮಾದ ನಿಷೇಧಿತ ವಲಯ ಯಾವುದರ ಸಂಕೇತ ಅಂತ ಜನ ತರ್ಕೋವ್‌ಸ್ಕಿಯನ್ನು ಕೇಳುತ್ತಲೇ ಇದ್ದರು. ಅದು ಯಾವುದರ ಸಂಕೇತವೂ ಅಲ್ಲ, ವಲಯ ಅಂದರೆ ವಲಯ ಅಂತ ಅವರು ಹೇಳುತ್ತಿದ್ದರು. ನೀರು ಅಂದರೆ ಶುದ್ಧಿ, ಕನ್ನಡಿ ಅಂದರೆ ಇಬ್ಬಗೆಯ ಮನಸ್ಸು ಅಂತ ಪಟ್ಟಿ ಹಿಡಿದು ಕೂತರೆ ಎಲ್ಲ ಸಿನಿಮಾಗಳೂ ಒಂದೇ ಆಗಿಬಿಡುತ್ತವೆ. ಈ ಸಿನಿಮಾದಲ್ಲಿ, ಈ ಕ್ಷಣದಲ್ಲಿ ನೀರು ಏನು ಮಾಡುತ್ತಿದೆ ನೋಡಿ. ಯಾರ ಮೇಲೆ ಬೀಳುತ್ತಿದೆ, ಯಾರು ಒರೆಸಿಕೊಳ್ಳುತ್ತಿಲ್ಲ?

ಕನ್ನಡ ಓದುವವರಿಗೆ ಇದು ಹೊಸದೇನೂ ಅಲ್ಲ. ಅಲ್ಲಮಪ್ರಭುವಿನ ಒಗಟಿನಂಥ ಬೆಡಗಿನ ವಚನಗಳಿಗೆ ಟೀಕೆ, ಅಂದರೆ ವಿವರಣೆ, ಬರೆದವರು ಒಂದೊಂದು ಪದಕ್ಕೂ ಒಂದೊಂದು ಅರ್ಥ ಹೊಂದಿಸಿ ಕೊಟ್ಟಿದ್ದಾರೆ. ಅದು ಉಪಯೋಗಕ್ಕೆ ಬರುತ್ತದೆ. ಆದರೆ ಓದಿದ ಕೂಡಲೇ ಮೈ ಜುಮ್ಮೆನ್ನಿಸುವುದು ಟೀಕೆಯಲ್ಲ, ವಚನ ಕಣ್ಣಮುಂದೆ ತರುವ ಚಿತ್ರ.

ಸಂಕೇತಕ್ಕಿಂತ ಹಿನ್ನೆಲೆ ತಿಳಿದಿದ್ದರೆ ಜಾಸ್ತಿ ಪ್ರಯೋಜನ. 'ಕಾಶೆ'ಯ ಮಜೀದ್ ಅನಾಥನಾಗಿದ್ದು 1961ರ ಅಕ್ಟೋಬರ್ 17ರಂದು. ಅವತ್ತು ಪ್ಯಾರಿಸ್‌ನಲ್ಲಿ ಮೆರವಣಿಗೆ ಹೊರಟ ಅಲ್ಜೀರಿಯನ್ನರ ಮೇಲೆ ಪೊಲೀಸರು ಎರಗಿದರು, ಅನೇಕರು ಸತ್ತರು. ಬಹಳ ವರ್ಷ ಆ ಬಗ್ಗೆ ಸರ್ಕಾರ ಬಾಯಿ ಬಿಡಲಿಲ್ಲ. ಇದು ಗೊತ್ತಾದ ಮೇಲೆ ಜಾರ್ಜ್‌ನ "ನನ್ನದೇನೂ ತಪ್ಪಿಲ್ಲ" ಅನ್ನುವ ಹಟ ಒಬ್ಬ ಮನುಷ್ಯನದಾಗಿ ಮಾತ್ರ ಕೇಳಿಸುವುದಿಲ್ಲ.

ಕೊನೆ ವಿವರಿಸುವ ವಿಡಿಯೋಗಳನ್ನು ನೋಡಬಹುದಾ?

ನೋಡಿ, ಆದರೆ ಆಮೇಲೆ. ಹೆಸರುಗಳು ಓಡುತ್ತಿರುವಾಗಲೇ ಫೋನ್ ತೆಗೆದರೆ, ನಿಮ್ಮೊಳಗೆ ಇನ್ನೂ ರೂಪ ಪಡೆಯದ ಯೋಚನೆ ಅಲ್ಲೇ ನಿಂತುಬಿಡುತ್ತದೆ. ಒಂದು ರಾತ್ರಿಯಾದರೂ ಕಳೆಯಲಿ. ಒಳ್ಳೆಯ ವಿವರಣೆ ನಿಮಗೆ ಕಾಣದ ವಿವರ ತೋರಿಸುತ್ತದೆ. ಕೆಟ್ಟದ್ದು ಬಾಗಿಲು ಮುಚ್ಚುತ್ತದೆ. 'ಮಲ್ಹೋಲೆಂಡ್ ಡ್ರೈವ್' ಡಿವಿಡಿ ಜೊತೆ ಲಿಂಚ್ 10 ಸುಳಿವು ಕೊಟ್ಟಿದ್ದರು. ಕೆಂಪು ಲ್ಯಾಂಪ್‌ಶೇಡ್ ಯಾವಾಗ ಬರುತ್ತದೆ ಗಮನಿಸಿ ಎಂಬಂಥವು. ಎಲ್ಲಿ ನೋಡಬೇಕು ಅಂತ ಹೇಳಿದರು, ಏನು ತಿಳಿಯಬೇಕು ಅಂತ ಹೇಳಲಿಲ್ಲ.

ಗೆಳೆಯರಿಗೆ ಪೂರ್ತಿ ಬೇರೆ ಅರ್ಥ ಹೊಳೆದಿದೆ. ವಾದ ಜಗಳವಾಗುತ್ತೆ.

"ಯಾವ ದೃಶ್ಯ ನೋಡಿ ಹಾಗನ್ನಿಸಿತು?" ಅಂತ ಕೇಳಿ. ಮಾತು ಅಭಿಪ್ರಾಯದಿಂದ ಪರದೆಗೆ ಬರುತ್ತದೆ. ಅವರು ಹೇಳುವ ದೃಶ್ಯ ನಿಮಗೆ ನೆನಪೇ ಇಲ್ಲದಿದ್ದರೆ ಇನ್ನೂ ಒಳ್ಳೆಯದು. ಒಪ್ಪಿಸುವ ಅಗತ್ಯ ಇಲ್ಲ.

ಎರಡನೇ ಸಲ ನೋಡಲೇಬೇಕಾ?

ಬೇಕಂತೇನಿಲ್ಲ, ಆದರೆ ನೋಡಿದರೆ ಲಾಭ. ಮೊದಲ ಸಲ ಮುಂದೇನು ಎಂಬ ಕುತೂಹಲ ಅರ್ಧ ಗಮನವನ್ನು ತಿಂದುಹಾಕುತ್ತದೆ. ವರ್ಷಗಳ ಅಂತರ ಬಿಟ್ಟು ನೋಡಿದರೆ ಮತ್ತೂ ಒಳ್ಳೆಯದು. ಮಗನ ಕಣ್ಣಿನಿಂದ ನೋಡಿದ ಸಿನಿಮಾವನ್ನು ಅಪ್ಪನಾದ ಮೇಲೆ ನೋಡುವಾಗ ಬೇರೆ ಪಾತ್ರದ ಪಕ್ಕ ಕೂತಿರುತ್ತೀರಿ.

ಯಾವ ಆವೃತ್ತಿ ನೋಡುತ್ತಿದ್ದೀರಿ ಅಂತ ಮಾತ್ರ ಒಮ್ಮೆ ನೋಡಿಕೊಳ್ಳಿ. 'ಬ್ಲೇಡ್ ರನ್ನರ್' 1982ರಲ್ಲಿ ತೆರೆಕಂಡಾಗ ಹಿನ್ನೆಲೆ ನಿರೂಪಣೆಯೂ ಸುಖಾಂತ್ಯವೂ ಇದ್ದವು. 1992ರ ನಿರ್ದೇಶಕರ ಆವೃತ್ತಿಯಲ್ಲಿ ಅವೆರಡೂ ಹೋಗಿ, ಒಂಟಿಕೊಂಬಿನ ಕುದುರೆಯ ಕನಸು ಬಂತು. ಆ ಒಂದು ಕನಸು ಡೆಕಾರ್ಡ್ ಯಾರು ಎಂಬ ಪ್ರಶ್ನೆಯನ್ನೇ ಬದಲಾಯಿಸಿತು. 2007ರಲ್ಲಿ ಫೈನಲ್ ಕಟ್ ಬಂತು.

ನಿಧಾನದ ಸಿನಿಮಾ ನೋಡುತ್ತಾ ನಿದ್ದೆ ಬಂದುಬಿಡುತ್ತೆ. ಏನು ಮಾಡಲಿ?

ಮಲಗಿ. ಇರಾನಿನ ನಿರ್ದೇಶಕ ಅಬ್ಬಾಸ್ ಕಿಯರೋಸ್ತಮಿ, ಕೆಲವು ಸಿನಿಮಾಗಳು ಥಿಯೇಟರಿನಲ್ಲಿ ನಿದ್ದೆ ಬರಿಸುತ್ತವೆ, ಆಮೇಲೆ ರಾತ್ರಿಯೆಲ್ಲಾ ಎಚ್ಚರ ಇಡುತ್ತವೆ, ನನಗೆ ಅಂಥವೇ ಇಷ್ಟ ಅಂದಿದ್ದರು. ಪ್ರೇಕ್ಷಕ ಬಂದು ಪೂರ್ತಿ ಮಾಡಬೇಕಾದ ಅರೆಬರೆ ಸಿನಿಮಾದಲ್ಲಿ ಅವರಿಗೆ ನಂಬಿಕೆ ಇತ್ತು. 'ಟೇಸ್ಟ್ ಆಫ್ ಚೆರಿ' (1997) ಕೊನೆಯಲ್ಲಿ, ಸಾಯಲು ನಿರ್ಧರಿಸಿದ ನಾಯಕ ತಾನೇ ತೋಡಿದ ಗುಂಡಿಯಲ್ಲಿ ರಾತ್ರಿ ಮಲಗುತ್ತಾನೆ. ಮಿಂಚು, ಮಳೆ, ಕತ್ತಲು. ಅವನು ಬದುಕಿದನಾ ಅಂತ ತೋರಿಸುವುದಿಲ್ಲ. ಥಟ್ಟನೆ ಹಗಲು, ವಿಡಿಯೋದಲ್ಲಿ ಆ ಸಿನಿಮಾ ತಂಡವೇ ಕೆಲಸ ಮಾಡುತ್ತಿರುವುದು ಕಾಣುತ್ತದೆ. ಕೆಲವರಿಗೆ ಇದು ಮೋಸ ಅನ್ನಿಸುತ್ತದೆ. ನನಗೆ ಆ ಹಗಲು ದೊಡ್ಡ ಸಮಾಧಾನ ಕೊಟ್ಟಿತು. ಅಷ್ಟು ಹೊತ್ತು ಸಾವಿನ ಮಾತೇ ಕೇಳಿದ ಮೇಲೆ, ಜನ ಹುಲ್ಲಿನ ಮೇಲೆ ಸುಮ್ನೆ ಕೂತಿರುವುದೇ ಒಂದು ಉತ್ತರದಂತೆ ಕಂಡಿತು.

ಆದರೆ ಮನಸ್ಸು ಈಗಾಗಲೇ ಭಾರವಾಗಿರುವ ದಿನಗಳಲ್ಲಿ ಇಂಥ ಸಿನಿಮಾ ಒಬ್ಬರೇ ನೋಡಬೇಡಿ. ಅದು ಎಲ್ಲೂ ಓಡಿಹೋಗುವುದಿಲ್ಲ.

ಎಷ್ಟು ಯೋಚಿಸಿದರೂ ಏನೂ ಹೊಳೆಯದಿದ್ದರೆ?

ಬಿಟ್ಟುಬಿಡಿ. ಎಲ್ಲಾ ಸಿನಿಮಾ ಎಲ್ಲರಿಗಲ್ಲ.

ಈಗಷ್ಟೇ ಶುರು ಮಾಡುವವರು ಯಾವುದನ್ನು ನೋಡಬಹುದು?

'ರಾಶೋಮಾನ್' ಮೊದಲು. ಒಂದೂವರೆ ಗಂಟೆಗಿಂತ ಕಮ್ಮಿ, ಕಥೆ ಬಿಗಿಯಾಗಿದೆ. ಪ್ರತಿ ಹೇಳಿಕೆ ಮುಗಿದಾಗಲೂ ನೀವು ಯಾರನ್ನು ನಂಬುತ್ತಿದ್ದೀರಿ ಅಂತ ಗುರುತು ಹಾಕಿಕೊಳ್ಳಿ. ಕನ್ನಡದಲ್ಲಿ ಪವನ್ ಕುಮಾರ್ ಅವರ 'ಲೂಸಿಯಾ' (2013) ಇದೆ. ಪ್ರೇಕ್ಷಕರಿಂದಲೇ ಹಣ ಸೇರಿಸಿ ಮಾಡಿದ ಸಿನಿಮಾ. ಒಂದು ಬದುಕು ಬಣ್ಣದಲ್ಲಿ, ಇನ್ನೊಂದು ಕಪ್ಪು ಬಿಳುಪಿನಲ್ಲಿ. ಎರಡರಲ್ಲಿ ಯಾವುದರ ಕಡೆ ನಿಮ್ಮ ಮನಸ್ಸು ವಾಲುತ್ತಿದೆ, ಯಾಕೆ ಅಂತ ನೋಡುತ್ತಾ ಹೋಗಿ. ಆಮೇಲೆ 'ಕಾಶೆ' ನೋಡಿ. 'ಮಿರರ್' ಅನ್ನು ಸ್ವಲ್ಪ ತಡವಾಗಿ, ಯಾವ ಅವಸರವೂ ಇಲ್ಲದ ದಿನ ನೋಡಿ. ಅದನ್ನು ನೋಡುವಾಗ ಯಾರು ಯಾರಿಗೆ ಏನಾಗಬೇಕು ಅಂತ ಲೆಕ್ಕ ಹಾಕಲು ಹೋಗಬೇಡಿ. ಮೊದಲ ಸಲಕ್ಕೆ ಆ ಮನೆ, ಆ ಮಳೆ, ಆ ತಾಯಿಯ ಮುಖ ನೋಡಿದರೆ ಸಾಕು.